ಒಂದೇ ಫೋನಿನ ಓಣಿ

ಸಿದ್ದಕ್ಕನ ರೊಟ್ಟಿ ಯಾವ ಡಬ್ಬಿಯಲ್ಲೂ ಹಿಡಿಯುತ್ತಿರಲಿಲ್ಲ. ಇದು ರೊಟ್ಟಿಯ ತಪ್ಪು ಅಂತ ಡಬ್ಬಿ ಮಾಡುವವರು ತಿಳಿದಿದ್ದರು, ಡಬ್ಬಿಯದೇ ತಪ್ಪು ಅಂತ ಸಿದ್ದಕ್ಕ ತಿಳಿದಿದ್ದಳು. ಜೋಳದ ರೊಟ್ಟಿ ಅಂದಮೇಲೆ ಅದು ಹಂಚಿನ ಅಂಚು ಮುಟ್ಟಬೇಕು. ಮುಟ್ಟದಿದ್ದರೆ ಅದಕ್ಕೆ ಬಿಸ್ಕೀಟು ಅನ್ನಬೇಕೇ ಹೊರತು ರೊಟ್ಟಿ ಅನ್ನಬಾರದು. ಆಕೆಯ ಅವ್ವ ನವಲಗುಂದದ ಕಡೆ ಹಾಗೇ ಬಡಿಯುತ್ತಿದ್ದಳು. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಮುದಕಪ್ಪನ ಕೈಹಿಡಿದು ಈ ಕಾಡಿನ ಊರಿಗೆ ಬಂದು ಇಷ್ಟು ವರ್ಷವಾದರೂ ಸಿದ್ದಕ್ಕ ರೊಟ್ಟಿಯ ಅಗಲವನ್ನು ಬೆರಳಿನಷ್ಟೂ ಕಡಿಮೆ ಮಾಡಿರಲಿಲ್ಲ.

ಮುದಕಪ್ಪ ಅದನ್ನು ಅರಿವೆಯಲ್ಲಿ ಕಟ್ಟಿಕೊಂಡು ಪಾಳಿಗೆ ಹೋಗುತ್ತಿದ್ದ. ಮಳೆಗಾಲದಲ್ಲಿ ರೊಟ್ಟಿ ತೊಯ್ದು ಮೆತ್ತಗಾಗುತ್ತಿತ್ತು, ಬೇಸಿಗೆಯಲ್ಲಿ ಪುಡಿಯಾಗುತ್ತಿತ್ತು. ಮಗಳು ಸ್ವಪ್ನಾ ಕಾಳಿ ನದಿಯ ದಂಡೆಯ ರೆಸಾರ್ಟೊಂದರ ಬುಕಿಂಗ್ ಆಫೀಸಿನಲ್ಲಿ ಕೆಲಸ ಮಾಡುವವಳು. ಅಪ್ಪನ ಪಾಡು ನೋಡಲಾರದೆ ಒಂದು ಹೊಳೆಯುವ ಸ್ಟೀಲಿನ ಡಬ್ಬಿ ತಂದಳು. ದೊಡ್ಡ ಕಂಪನಿಯದು, ಟಿವಿಯಲ್ಲಿ ಬರುವಂಥದ್ದು. ಸಿದ್ದಕ್ಕ ಒಂದು ರೊಟ್ಟಿ ತೆಗೆದು ಅದರ ಬಾಯಿಯ ಮೇಲಿಟ್ಟಳು. ರೊಟ್ಟಿ ಒಳಗಿಳಿಯದೆ ಮುಚ್ಚಳದ ಹಾಗೆ ಮೇಲೆಯೇ ಕೂತುಬಿಟ್ಟಿತು.

"ಮಡಚಿ ಇಡವಾ," ಅಂದಳು ಸ್ವಪ್ನಾ.

"ಮಡಚಿದ್ರ ಮುರೀತೈತಿ."

"ಹಂಗಾರ ಸಣ್ಣೂ ಬಡಿ."

ಸಿದ್ದಕ್ಕ ಮಗಳನ್ನು ಹೇಗೆ ನೋಡಿದಳೆಂದರೆ, ಸ್ವಪ್ನಾ ಚಹಾ ಅರ್ಧಕ್ಕೆ ಬಿಟ್ಟು ಬ್ಯಾಗು ಎತ್ತಿಕೊಂಡು ಕೆಲಸಕ್ಕೆ ಹೊರಟಳು.

ಮಗಳು ಹೋದ ಮೇಲೆ ಡಬ್ಬಿಯ ರಟ್ಟಿನ ಪೆಟ್ಟಿಗೆ ಎಸೆಯಲು ಹೋದಾಗ ಅದರ ಮೇಲಿನ ಅಚ್ಚು ಕಣ್ಣಿಗೆ ಬಿತ್ತು. 'ಮುಂದಿನ ಡಬ್ಬಿ ಹೇಗಿರಬೇಕು? ನೀವೇ ಹೇಳಿ!' ಅಂತ ಬರೆದು, ಪಕ್ಕದಲ್ಲಿ ಫೋನು ಹಿಡಿದು ಸ್ಕ್ಯಾನ್ ಮಾಡುವ ಕಪ್ಪು ಚೌಕ ಹಾಕಿದ್ದರು. ಇಂಥವನ್ನು ಜನ ಓದುವುದಿಲ್ಲ, ಓದಿದರೂ ನಂಬುವುದಿಲ್ಲ. ಸಿದ್ದಕ್ಕ ಏಳನೇ ಇಯತ್ತೆವರೆಗೆ ಓದಿದವಳು, ಅಚ್ಚಾದದ್ದನ್ನೆಲ್ಲ ಓದುವ ಚಟದವಳು. ಅವರಾಗಿ ಕೇಳಿದ್ದಾರೆ ಅಂದಮೇಲೆ ಹೇಳದೆ ಬಿಡುವುದು ಮರ್ಯಾದೆಯಲ್ಲ ಅಂದುಕೊಂಡು ಫೋನು ಹಿಡಿದಳು. ಮಗಳು ಬಳಸಿ ಬಿಟ್ಟ, ಗಾಜು ಸೀಳಿದ ಫೋನು ಅದು. ಗಂಡಸರ ದೊಡ್ಡ ಫೋನುಗಳೆಲ್ಲ ಗಂಡಸರ ಜೇಬಿನಲ್ಲಿ ಮಿಲ್ಲಿಗೋ ಗ್ಯಾರೇಜಿಗೋ ಹೋಗುತ್ತಿದ್ದವು. ಹೆಂಗಸರ ಕೈಯಲ್ಲಿದ್ದದ್ದು ಬಟನ್ ಫೋನುಗಳು. ಹಾಗಾಗಿ ಹಗಲು ಹೊತ್ತಿನಲ್ಲಿ ಆ ಓಣಿಯಲ್ಲಿ ಇಂಟರ್ನೆಟ್ಟು ಇರುತ್ತಿದ್ದದ್ದು ಸಿದ್ದಕ್ಕನ ಮನೆಯಲ್ಲಿ ಮಾತ್ರ.

ಚೌಕದ ಹಿಂದೆ 'ಐಡಿಯಾ ಅಂಗಳ' ಅನ್ನುವ ಜಾಗ ತೆರೆಯಿತು. ಯಾರು ಬೇಕಾದರೂ ತಮಗೆಂಥ ಡಬ್ಬಿ ಬೇಕು ಅಂತ ಅಲ್ಲಿ ಬರೆಯಬಹುದು. ಉಳಿದವರು ಮತ ಹಾಕಬಹುದು, ಕೆಳಗೆ ಚರ್ಚೆ ಮಾಡಬಹುದು. ಒಳ್ಳೆ ಮತ, ಒಳ್ಳೆ ಚರ್ಚೆ ಬಂದ ಐಡಿಯಾವನ್ನು ಕಂಪನಿಯವರು ನಿಜವಾಗಿಯೇ ತಯಾರಿಸುತ್ತಾರೆ, ಐಡಿಯಾ ಕೊಟ್ಟವರ ಹೆಸರನ್ನು ಪ್ರತಿ ಡಬ್ಬಿಯ ತಳಕ್ಕೆ ಕೆತ್ತುತ್ತಾರೆ.

ಈ ಕೊನೆಯ ಮಾತು ಓದಿ ಸಿದ್ದಕ್ಕ ಅಡುಗೆಮನೆಯ ಪಾತ್ರೆಗಳ ಕಡೆ ನೋಡಿದಳು. ಪಾತ್ರೆಯ ಮೇಲೆ ಹೆಸರು ಅಂದರೆ ಸಣ್ಣ ಮಾತೇ? ಆ ಸೀಮೆಯಲ್ಲಿ ಒಂದು ತಂಬಿಗೆ ಉಡುಗೊರೆ ಕೊಡುವವರೂ ಅಂಗಡಿಯವನ ಎದುರು ನಿಂತು ಹೆಸರು ಹಾಕಿಸಿಯೇ ಕೊಡುವುದು. ಸಿದ್ದಕ್ಕನ ಮನೆಯ ಕೊಡ, ತಪೇಲಿ, ತಾಟುಗಳ ಮೇಲೆಲ್ಲ ಮುದಕಪ್ಪನ ಹೆಸರು, ಅವನ ಅಪ್ಪನ ಹೆಸರು, ಮದುವೆಗೆ ಬಂದು ಉಂಡು ಹೋದ ಗಂಡಸರ ಹೆಸರು ಇದ್ದವು. ದಿನವೂ ಅವನ್ನು ತಿಕ್ಕಿ ಬೆಳಗುವವಳ ಹೆಸರು ಒಂದು ಚಮಚದ ಮೇಲೂ ಇರಲಿಲ್ಲ. ಈಗ ನೋಡಿದರೆ ನಾಡಿನ ಡಬ್ಬಿಗಳ ತಳದಲ್ಲೆಲ್ಲ 'ಸಿದ್ದಕ್ಕ, ದಾಂಡೇಲಿ'! ಆಕೆಗೆ ಆಸೆಯಾಯಿತು. ಯಾರ ಮುಂದೂ ಹೇಳಿಕೊಳ್ಳಲಿಲ್ಲ, ಆದರೆ ಬಹಳವೇ ಆಸೆಯಾಯಿತು.

ಕೂತು ಬರೆದಳು: "ನನ್ನ ರೊಟ್ಟಿ ನಿಮ್ಮ ಡಬ್ಬ್ಯಾಗ ಹಿಡಿಯೂದಿಲ್ಲ. ರೊಟ್ಟಿ ಸಣ್ಣೂ ಮಾಡಂಗಿಲ್ಲ. ಡಬ್ಬಿ ದೊಡ್ಡದು ಮಾಡ್ರಿ. ತಾಟಿನಂಗ ಚಪ್ಪಟಿ ಇರಬೇಕು."

ಮರುದಿನವೇ ಯಾವುದೋ ಶಹರದವನೊಬ್ಬ ಕೆಳಗೆ ಬರೆದಿದ್ದ, "ರೋಲ್ ಮಾಡಿ ಇಡಬಹುದಲ್ಲ ಆಂಟಿ?"

"ನಿಮ್ಮ ಮನ್ಯಾಗ ಹಪ್ಪಳ ಸುತ್ತಿ ಇಡ್ತೀರೇನು?" ಅಂತ ಸಿದ್ದಕ್ಕ ಉತ್ತರ ಕೊಟ್ಟಳು. ಆ ಉತ್ತರಕ್ಕೇ ಒಂದಿಷ್ಟು ಜನ ಮತ ಹಾಕಿದರು.

ಪಕ್ಕದ ಮನೆಯ ಸುಗರಾ ಇದನ್ನು ಓದಿಸಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಗಂಡ ಅಮೀರಸಾಬ ಗಾಡಿ ರಿಪೇರಿಯವನು. ಅವನಿಗೂ ಸುಗರಾ ರೊಟ್ಟಿ ಕಟ್ಟಿಕೊಡುತ್ತಿದ್ದಳು, ಅವೂ ಅಷ್ಟೇ ಅಗಲದವು. "ಅರೇ ಸಿದ್ದಕ್ಕಾ, ನಂದೂ ಒಂದು ಮತ ಹಾಕ್ರಿ," ಅಂದಳು. ಮತ ಹಾಕಬೇಕಾದರೆ ಅವರವರ ಫೋನ್ ನಂಬರಿನಿಂದ ಅವರವರದೇ ಖಾತೆ ತೆರೆಯಬೇಕು. ಸಿದ್ದಕ್ಕ ತನ್ನ ಫೋನಿನಲ್ಲಿ ಸುಗರಾಳ ನಂಬರು ಹೊಡೆದಳು, ಸುಗರಾಳ ಬಟನ್ ಫೋನಿಗೆ ಓಟಿಪಿ ಬಂತು, ಸುಗರಾ ಅದನ್ನು ಓದಿ ಹೇಳಿದಳು. ಖಾತೆ ಆಯಿತು, ಮತವೂ ಬಿತ್ತು. ಇದರಲ್ಲಿ ಮುಚ್ಚುಮರೆ ಏನಿದೆ? ಹಿಟ್ಟಿನ ಗಿರಣಿ ಒಂದೇ ಇದ್ದರೆ ಊರೆಲ್ಲ ಅಲ್ಲೇ ಬೀಸಿಸುತ್ತದೆ. ಹಿಟ್ಟು ಮಾತ್ರ ಅವರವರದೇ.

ಆಮೇಲೆ ಓಣಿ ಸುಮ್ಮನಿರಲಿಲ್ಲ. ಮಧ್ಯಾಹ್ನದ ಕೆಲಸ ಮುಗಿದರೆ ಸಾಕು, ಹೆಣ್ಣುಮಕ್ಕಳು ಸಿದ್ದಕ್ಕನ ಕಟ್ಟೆಗೆ ಬಂದು ಕೂಡತೊಡಗಿದರು. ಬರಲಾಗದವರು ತಮ್ಮ ಮನೆಯ ಬಾಗಿಲಿನಿಂದಲೇ ಓಟಿಪಿ ಕೂಗುತ್ತಿದ್ದರು. ಅದು ಗುಟ್ಟಿನ ಅಂಕಿ, ಯಾರಿಗೂ ಹೇಳಬಾರದು ಅಂತ ಫೋನಿನವರು ಬರೆದಿರುತ್ತಾರೆ. ಆ ಓಣಿಯಲ್ಲಿ ನಾಯಿಗಳಿಗೂ ಅದು ಕೇಳಿಸುತ್ತಿತ್ತು.

ಎದುರು ಮನೆಯ ಗುರುಬಸವ್ವ ಬಹಳ ದಿನ ಬರಲಿಲ್ಲ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇರುವ ಮುದುಕಿ, ನಾಲಿಗೆ ಮಾತ್ರ ಹರೆಯದ್ದು. ಆಕೆಗೂ ಸಿದ್ದಕ್ಕನಿಗೂ ನಲ್ಲಿ ನೀರಿನಿಂದ ಹಿಡಿದು ಮೆಂತೆ ಸೊಪ್ಪಿನವರೆಗೆ ಯಾವುದರಲ್ಲೂ ಕೂಡಿಬಂದದ್ದಿಲ್ಲ. ಒಂದು ಮಧ್ಯಾಹ್ನ ಬಟನ್ ಫೋನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಕಟ್ಟೆಯ ತುದಿಯಲ್ಲಿ ಕೂತಳು.

"ನಂದೂ ಒಂದು ಖಾತೆ ತಗದು ಕೊಡ," ಅಂದಳು. "ನಿನ್ನ ವಿರುದ್ಧ ಬರಿಯೂದೈತಿ."

ಸಿದ್ದಕ್ಕ ಆಕೆಯ ನಂಬರು ಹೊಡೆದು ಖಾತೆ ತೆರೆದಳು. ಗುರುಬಸವ್ವನಿಗೆ ಅಕ್ಷರ ಬಾರದು. ಆಕೆ ಹೇಳುತ್ತ ಹೋದಳು, ಸಿದ್ದಕ್ಕ ತನ್ನದೇ ಫೋನಿನಲ್ಲಿ, ತನ್ನದೇ ಕೈಯಿಂದ, ತನಗೇ ಬೈದದ್ದನ್ನು ಒಂದಕ್ಷರ ಬಿಡದೆ ಬರೆದಳು: "ಬಿಸಿ ರೊಟ್ಟಿ ಸ್ಟೀಲಿನ್ಯಾಗ ಮುಚ್ಚಿದ್ರ ಬೆವತು ಮುದ್ದಿ ಆಕ್ಕಾವು. ಇಷ್ಟು ತಿಳೀದಾಕಿ ಡಬ್ಬಿ ಮಾಡಸಾಕ ಹೊಂಟಾಳ. ಅರಿವ್ಯಾಗ ಕಟ್ಟೂದೇ ಛಲೋ. ಗುರುಬಸವ್ವ."

ಬರೆದು ಓದಿ ತೋರಿಸಿದಳು. "ಹೂಂ, ಸರಿ ಐತಿ," ಅಂದಳು ಗುರುಬಸವ್ವ. ಸಿದ್ದಕ್ಕ ಆ ಖಾತೆಯಿಂದ ಹೊರಬಂದು, ತನ್ನ ಖಾತೆಗೆ ಹೋಗಿ, ಅಲ್ಲೇ ಕೂತಿದ್ದ ಗುರುಬಸವ್ವನಿಗೆ ಫೋನಿನಲ್ಲೇ ಉತ್ತರ ಬರೆದಳು: "ಬೆವರೂದು ಖರೆ. ತಳಕ್ಕ ತೂತಿನ ತಾಟು ಇಡಸೂಣು. ಮುಚ್ಚಳಕ್ಕ ಒಂದು ಕಿಂಡಿ ಮಾಡಸೂಣು."

"ಕಿಂಡ್ಯಾಗ ಮಳಿನೀರು ಹೋಕ್ಕೈತಿ," ಅಂತ ಗುರುಬಸವ್ವ ಬರೆಸಿದಳು. ಕಿಂಡಿಗೆ ಸರಿಸುವ ಬಾಗಿಲು ಇರಲಿ ಅಂತ ಸುಗರಾ ಬರೆಸಿದಳು. ಶೇಂಗಾ ಹಿಂಡಿಗೆ, ಅಂದರೆ ಚಟ್ನಿಪುಡಿಗೆ, ಮೂಲೆಯಲ್ಲೊಂದು ಸಣ್ಣ ಬಟ್ಟಲು ಬೇಕು ಅಂತ ಕೊನೆ ಮನೆಯ ಲಕ್ಷ್ಮೀದೇವಿ ಬರೆಸಿದಳು. ನಡುವೆ ಕಂಪನಿಯವರು ಬಾಯಿ ಹಾಕಿ, 'ಡಬ್ಬಿಯಲ್ಲಿ ಎಷ್ಟು ರೊಟ್ಟಿ ಹಿಡಿಯಬೇಕು? ಸಂಖ್ಯೆ ತಿಳಿಸಿ' ಅಂತ ಕೇಳಿದರು. ಅವತ್ತು ಒಂದೇ ದಿನ ಇಡೀ ಓಣಿ ಒಂದಾಯಿತು. ದುಡಿಯುವ ಮನುಷ್ಯನ ಬುತ್ತಿಯ ರೊಟ್ಟಿ ಎಣಿಸಿ ಕಟ್ಟುತ್ತಾರೆಯೇ? "ನಾವು ರೊಟ್ಟಿ ಎಣಸೂದಿಲ್ಲ. ಹಸಿವಿ ಎಷ್ಟೈತಿ ಅಷ್ಟು ಹಿಡೀಬೇಕು," ಅಂತ ಒಬ್ಬೊಬ್ಬರೂ ತಮ್ಮ ತಮ್ಮ ಖಾತೆಯಿಂದ ಬರೆಸಿದರು. ಗುರುಬಸವ್ವ ಇನ್ನೂ ನಾಲ್ಕು ಮಾತು ಸೇರಿಸಿದಳು. ಅವನ್ನು ಬರೆಯುವಾಗ ಸಿದ್ದಕ್ಕನಿಗೂ ನಗು ತಡೆಯಲಿಲ್ಲ.

ಆ ಜಗಳ ನೋಡಲು ಎಲ್ಲೆಲ್ಲಿಂದಲೋ ಜನ ಬಂದರು, ಮತ ಹಾಕಿದರು. ಒಂದು ದಿನ ಐಡಿಯಾದ ಪಕ್ಕದಲ್ಲಿ ಹಸಿರು ಅಕ್ಷರ ಬಂತು. ಅಂತಿಮ ಸುತ್ತಿಗೆ ಆಯ್ಕೆಯಾಗಿದೆ! ಸಿದ್ದಕ್ಕ ಅಂದು ಎಲ್ಲರಿಗೂ ಚಹಾ ಕೊಟ್ಟಳು, ಗುರುಬಸವ್ವನ ಬಟ್ಟಲಿಗೆ ಕೇಳದೆಯೇ ಸಕ್ಕರೆ ಹೆಚ್ಚು ಹಾಕಿದಳು. "ಭಾಳ ಸಿಹಿ ಮಾಡೀ," ಅಂದಳು ಗುರುಬಸವ್ವ. ಕುಡಿದು ಮಾತ್ರ ಮುಗಿಸಿದಳು.

ಹಸಿರು ಅಕ್ಷರ ಬಹಳ ದಿನ ಬಾಳಲಿಲ್ಲ. ಅದರ ಜಾಗದಲ್ಲಿ ಕೆಂಪು ಅಕ್ಷರ ಬಂತು: 'ನಕಲಿ'. ಕೆಳಗೆ ಒಂದು ಸೂಚನೆ. ಒಂದೇ ಫೋನಿನಿಂದ ಒಬ್ಬರೇ ವ್ಯಕ್ತಿ ಹಲವು ಸುಳ್ಳು ಹೆಸರುಗಳಲ್ಲಿ ಖಾತೆ ತೆರೆದು ಚರ್ಚೆ ನಡೆಸಿರುವುದು ಕಂಡುಬಂದಿದೆ; ಈ ಹೆಸರಿನ ವ್ಯಕ್ತಿಗಳು ಇಲ್ಲವೆಂದು ತೀರ್ಮಾನಿಸಿ ಖಾತೆಗಳನ್ನು ಮುಚ್ಚಲಾಗಿದೆ.

ಸಿದ್ದಕ್ಕ ಅದನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದಳು. ಓದುತ್ತ ಓದುತ್ತ ಆಕೆಯ ದನಿ ಇಳಿಯಿತು. ಜೀವನದಲ್ಲಿ ಒಬ್ಬರ ಹುಲ್ಲುಕಡ್ಡಿ ಮುಟ್ಟಿದವಳಲ್ಲ. ಈಗ ನೋಡಿದರೆ ಲೋಕವೇ ನೋಡುವ ಜಾಗದಲ್ಲಿ, ಆಕೆಯ ಹೆಸರಿನ ಪಕ್ಕದಲ್ಲಿ, ನಕಲಿ.

"ಏನಂದಾ ಅಂವಾ?" ಅಂದಳು ಗುರುಬಸವ್ವ. "ನಾ ಇಲ್ಲಂತೇನು?"

ಅಂದೇ ಸಂಜೆ ಕಂಪನಿಯಿಂದ ಫೋನು ಬಂತು. ರೋಹಿತ ಅಂತ ಹೆಸರು ಹೇಳಿದ, ಐಡಿಯಾ ಅಂಗಳ ನೋಡಿಕೊಳ್ಳುವವನು, ಬೆಂಗಳೂರಿನ ಮಾತಿನವನು. ಮನುಷ್ಯ ಕೆಟ್ಟವನೇನಲ್ಲ. ಮೆಲ್ಲಗೆ ಮಾತಾಡುತ್ತಿದ್ದ.

"ಅಮ್ಮಾ, ಒಂದೇ ಫೋನು, ಒಂದೇ ಜಾಗ, ಅದೇ ಮಧ್ಯಾಹ್ನದ ಹೊತ್ತು. ಬೈದಿರೋದೂ ಅದೇ ಫೋನಿಂದ, ಬೈಸಿಕೊಂಡಿರೋದೂ ಅದೇ ಫೋನಿಂದ. ಚರ್ಚೆ ಜೋರಾಗಿ ಕಾಣಲಿ ಅಂತ ಕೆಲವರು ಬೇರೆ ಬೇರೆ ಸಿಮ್ ತಗೊಂಡು ಹೀಗೆಲ್ಲ ಮಾಡ್ತಾರೆ. ನನಗೆ ಅರ್ಥ ಆಗುತ್ತೆ."

"ನಿಮಗ ಅರ್ಥ ಆಗಿಲ್ರೀ," ಅಂದಳು ಸಿದ್ದಕ್ಕ. "ಅವರು ನಮ್ಮ ಓಣ್ಯಾನವರು. ಇಲ್ಲೇ ಅದಾರ, ಕುಂತಾರ. ಬೇಕಾದ್ರ ಮಾತಾಡ್ರಿ."

"ಯಾರ ದನಿ ಬೇಕಾದರೂ ಕೇಳಿಸಬಹುದು ಅಮ್ಮಾ. ಅದನ್ನೆಲ್ಲ ಸಿಸ್ಟಮ್ ಒಪ್ಪಲ್ಲ. ನೋಡಿ, ನಿಮ್ಮ ಐಡಿಯಾ ನಮ್ಮವರಿಗೆ ಬಹಳ ಇಷ್ಟ ಆಗಿದೆ. ಕಳಕೊಳ್ಳೋಕೆ ಮನಸ್ಸಿಲ್ಲ. ನಾನೊಂದು ದಾರಿ ಮಾಡಿದ್ದೀನಿ."

ದಾರಿ ಬಹಳ ಸುಲಭದ್ದಿತ್ತು. ಫೋನಿಗೆ ಒಂದು ಪುಟ ಕಳಿಸಿದ್ದ. ಅದರಲ್ಲಿ ಒಂದೇ ಸಾಲು: 'ಬೇರೆ ಹೆಸರುಗಳಲ್ಲಿ ಬರೆದದ್ದೆಲ್ಲವೂ ನಾನೇ ಬರೆದದ್ದೆಂದು ಒಪ್ಪುತ್ತೇನೆ.' ಪಕ್ಕದಲ್ಲಿ ಒಂದು ಚಿಕ್ಕ ಚೌಕ. ಶನಿವಾರದೊಳಗೆ ಅದರಲ್ಲಿ ಟಿಕ್ ಹಾಕಿಬಿಟ್ಟರೆ ನಕಲಿ ಅನ್ನುವುದು ಹೋಗುತ್ತದೆ, ಐಡಿಯಾ ಅಂತಿಮ ಸುತ್ತಿಗೆ ಮರಳುತ್ತದೆ, ಹೆಸರು ಡಬ್ಬಿಯ ತಳಕ್ಕೆ ಬಂದರೂ ಬಂದೀತು. ಹಾಕದಿದ್ದರೆ ಎಲ್ಲವೂ ಮುಗಿಯಿತು.

ಪಾಳಿ ಮುಗಿಸಿ ಬಂದ ಮುದಕಪ್ಪ ಇದನ್ನು ಕೇಳಿ ಕಾಲು ತೊಳೆಯುತ್ತಲೇ ಹೇಳಿದ, "ಒತ್ತಿ ಬಿಡು. ಒತ್ತಿದ್ರ ನಿನ್ನ ಬೆರಳು ಸವೀತೈತೇನು?"

ಸ್ವಪ್ನಾ ಅವ್ವನ ಪಕ್ಕದಲ್ಲಿ ಬಂದು ಕೂತಳು. "ಅವ್ವಾ, ಇಂಥಾ ಟಿಕ್ ನಾವು ಆಫೀಸಿನ್ಯಾಗ ದಿನಾ ಹಾಕತೇವಿ. ಅದನ್ನ ಯಾರೂ ಓದೂದಿಲ್ಲ."

"ನಾ ಓದೇನಲ್ಲ," ಅಂದಳು ಸಿದ್ದಕ್ಕ.

"ಓದಿದ್ರ ಏನಾತು? ಐಡಿಯಾ ನಿಂದ ಹೌದಲ್ಲೋ?"

ಸಿದ್ದಕ್ಕ ಯೋಚಿಸಿದಳು. ಚಪ್ಪಟೆ ಡಬ್ಬಿ ತನ್ನದು. ತೂತಿನ ತಾಟು? ಅದು ತನ್ನದೇ, ಆದರೆ ಗುರುಬಸವ್ವ ಬೈಯದಿದ್ದರೆ ಹೊಳೆಯುತ್ತಲೇ ಇರಲಿಲ್ಲ. ಕಿಂಡಿಯ ಬಾಗಿಲು ಸುಗರಾಳದು, ಬಟ್ಟಲು ಲಕ್ಷ್ಮೀದೇವಿಯದು. ಆದರೂ ಆಸೆ ಅನ್ನುವುದು ಲಜ್ಜೆಗೇಡಿ. ಡಬ್ಬಿಯ ತಳದಲ್ಲಿ ತನ್ನ ಹೆಸರು ಹೊಳೆಯುವುದು ಆಕೆಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

ಮರುದಿನ ಮಧ್ಯಾಹ್ನ ಕಟ್ಟೆಯ ಮೇಲೆ ವಿಷಯವನ್ನು ಎಲ್ಲರ ಮುಂದಿಟ್ಟಳು. ಹೆಣ್ಣುಮಕ್ಕಳು ಸಿಟ್ಟಾಗುತ್ತಾರೆ ಅಂದುಕೊಂಡಿದ್ದಳು. ಯಾರೂ ಸಿಟ್ಟಾಗಲಿಲ್ಲ.

"ಹಾಕಿಬಿಡ್ರಿ ಸಿದ್ದಕ್ಕಾ," ಅಂದಳು ಸುಗರಾ. "ನಮ್ಮ ಹೆಸರು ಇದ್ರೇನು, ಹೋದ್ರೇನು. ನಿಮ್ಮದಾದ್ರೂ ಬರಲಿ. ಕಸಮ್ ಸೇ, ನಮಗೇನೂ ಬೇಜಾರಿಲ್ಲ."

"ಹೌದ್ರಿ ಅಕ್ಕಾರ, ಹಾಕ್ರಿ," ಅಂದಳು ಲಕ್ಷ್ಮೀದೇವಿ.

ಸಿದ್ದಕ್ಕ ಫೋನು ತೆರೆದಳು. ಬೆರಳು ಚೌಕದ ಮೇಲಕ್ಕೆ ಹೋಯಿತು. ಆಗ ಎದುರು ಮನೆಯ ಹೊಸ್ತಿಲ ಮೇಲೆ ಕೂತಿದ್ದ ಗುರುಬಸವ್ವ ಅಲ್ಲಿಂದಲೇ ಅಂದಳು, "ಒತ್ತ, ಒತ್ತ. ನಾ ಇಲ್ಲ ಅನ್ನಾವರು ಇವರೇ ಮೊದಲಿನವರೇನಲ್ಲ. ನನ್ನ ಗಂಡ ಇದ್ದಾಗ ಮಂದಿ ಮನೀಗೆ ಬರತಿದ್ರು. ನಾ ಬಾಗಿಲಾಗ ನಿಂತಿರತಿದ್ದೆ. ನನ್ನ ಮಾರಿ ನೋಡಿ ಕೇಳತಿದ್ರು, 'ಮನ್ಯಾಗ ಯಾರೂ ಇಲ್ಲೇನ್ರಿ?' ಅಂತ. ನಾನೂ ಹೇಳತಿದ್ದೆ, 'ಇಲ್ರಿ, ಯಾರೂ ಇಲ್ಲ.'"

ಇದನ್ನು ಆಕೆ ಅಳುತ್ತ ಹೇಳಲಿಲ್ಲ. ಕಾಳು ಆರಿಸುತ್ತ, ಕಲ್ಲು ಎಸೆಯುತ್ತ ಹೇಳಿದಳು.

ಸಿದ್ದಕ್ಕನ ಬೆರಳು ನಿಂತಿತು. ಆ ಮಾತು ತಾನೂ ಎಷ್ಟು ಸಲ ಆಡಿದ್ದಾಳೆ. ಮುದಕಪ್ಪ ಪಾಳಿಗೆ ಹೋದಾಗ ಬಂದವರಿಗೆಲ್ಲ ಆಡಿದ್ದಾಳೆ. ಇಲ್ಲಿರುವ ಒಬ್ಬೊಬ್ಬಳೂ ಆಡಿದ್ದಾಳೆ. ಆಕೆಗೆ ಸಿಟ್ಟು ಬಂತು. ರೋಹಿತನ ಮೇಲೆ ಬಂತು, ಕಂಪನಿಯ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಚೌಕದವರೆಗೆ ಹೋಗಿದ್ದ ತನ್ನ ಬೆರಳಿನ ಮೇಲೆ ಬಂತು.

ಫೋನನ್ನು ಮಗುಚಿ ಇಟ್ಟು ಎದ್ದು ನಿಂತಳು. "ಗುರುಬಸವ್ವಾ, ನಿನ್ನ ಕೂಡ ಹಗಲೆಲ್ಲಾ ಜಗಳಾ ಆಡೇನಿ ನಾ. ಇಲ್ಲದಾಕಿ ಕೂಡ ಜಗಳಾ ಆಡಾಕ ನನಗ ಹುಚ್ಚು ಹಿಡದೈತೇನು? ನೀ ಅದೀ. ನೀ ಇಲ್ಲ ಅಂತ ನಾ ಒತ್ತಂಗಿಲ್ಲ. ಡಬ್ಬಿ ಹಾಳಾಗಿ ಹೋಗಲಿ."

"ನಿನಗ ತಲಿ ಕೆಟ್ಟೈತಿ," ಅಂದಳು ಗುರುಬಸವ್ವ. ಆದರೆ ಕಾಳು ಆರಿಸುವುದನ್ನು ನಿಲ್ಲಿಸಿದ್ದಳು.

ಸಿದ್ದಕ್ಕ ಸೂಚನೆಯನ್ನು ಮತ್ತೆ ತೆರೆದು ಮೊದಲಿನಿಂದ ಓದಿದಳು. ಎಲ್ಲಕ್ಕಿಂತ ಕೆಳಗೆ, ಇರುವೆಯಂಥ ಅಕ್ಷರಗಳಲ್ಲಿ ಒಂದು ಮಾತಿತ್ತು. ತೀರ್ಮಾನ ತಪ್ಪೆನಿಸಿದರೆ ಮುಚ್ಚಿದ ಪ್ರತಿ ಖಾತೆಯವರೂ ಯಾವ ಫೋನಿನಿಂದಲಾದರೂ ತಕರಾರು ಹೇಳಬಹುದು. ಬರೆಯಬಹುದು, ಇಲ್ಲವೇ ಮಾತಾಡಿ ಕಳಿಸಬಹುದು. ಪ್ರತಿ ತಕರಾರನ್ನೂ ನಮ್ಮ ಸಿಬ್ಬಂದಿ ಖುದ್ದಾಗಿ ಕೇಳಿ ಉತ್ತರಿಸುತ್ತಾರೆ.

"ಯಾವ ಫೋನಿನಿಂದಲಾದರೂ," ಅಂತ ಸಿದ್ದಕ್ಕ ಎರಡು ಸಲ ಓದಿದಳು. "ಕೇಳ್ರಿ. ನನ್ನ ಫೋನು ಬ್ಯಾಡ. ನನ್ನ ಫೋನು ಮುಟ್ಟಲೇಬ್ಯಾಡ್ರಿ. ಒಬ್ಬೊಬ್ಬರೂ ಒಂದೊಂದು ಕಡಿಯಿಂದ ಮಾತಾಡ್ರಿ. ಗಂಡನ ಫೋನು ಕಸಗೊಳ್ರಿ, ತಮ್ಮನ ಫೋನು ಕಸಗೊಳ್ರಿ, ಬೀಗರ ಊರಿಗೆ ಹೋಗ್ರಿ. ಬ್ಯಾರೇನೂ ಹೇಳಬ್ಯಾಡ್ರಿ. ನಾ ಅದೀನಿ ಅಂತ ಹೇಳ್ರಿ, ಸಾಕು."

ಮಾತಾಡಲು ಹೇಳಿದ್ದೇ ತಡ, ಓಣಿ ಎದ್ದು ನಿಂತಿತು. ಸುಗರಾ ಸೀದಾ ಗ್ಯಾರೇಜಿಗೆ ಹೋಗಿ, ಗ್ರೀಸು ಹತ್ತಿದ ಕೈಯಲ್ಲಿ ಅಮೀರಸಾಬ ಏನಾಯ್ತು ಏನಾಯ್ತು ಅನ್ನುತ್ತಿರುವಾಗಲೇ ಅವನ ಜೇಬಿನಿಂದ ಫೋನು ಎಳೆದುಕೊಂಡಳು. ಗ್ಯಾರೇಜಿನ ಹುಡುಗನಿಂದ ತನ್ನ ಖಾತೆಯ ತಕರಾರು ತೆರೆಸಿ, ಸ್ಪ್ಯಾನರಿನ ಸದ್ದಿನ ನಡುವೆ ಹೇಳಿದಳು: "ಮೈ ಸುಗರಾ. ಸುಗರಾ ಮಾತಾಡತೇನ್ರಿ, ದಾಂಡೇಲಿ. ಕಿಂಡೀ ಬಾಗಿಲು ನಂದು. ನಾ ಅದೀನಿ." ಅಮೀರಸಾಬ ಸ್ಪ್ಯಾನರು ಹೇಗೆ ಹಿಡಿದಿದ್ದನೋ ಹಾಗೇ ಹಿಡಿದುಕೊಂಡು ಹೆಂಡತಿಯನ್ನು ನೋಡುತ್ತ ನಿಂತಿದ್ದ.

ಲಕ್ಷ್ಮೀದೇವಿಯ ತಮ್ಮ ಜೊಯಿಡಾದಲ್ಲಿ ಅಂಗಡಿ ಇಟ್ಟವನು. ಬಸ್ಸು ಕಾದು ಹತ್ತಿ ಅಲ್ಲಿಗೆ ಹೋದರೆ ಅಂಗಡಿಯೊಳಗೆ ನೆಟ್‌ವರ್ಕು ಸಿಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಏರು ಜಾಗ ಹುಡುಕಿ, ನಿಂತು, ಕೂಗಿ ಹೇಳಿದಳು. ಇನ್ನೊಬ್ಬಳು ಮುಂಡಗೋಡದ ಅಕ್ಕನಿಗೆ ಬಾಣಂತನ ಮಾಡಲು ಹೋಗಿದ್ದಳು. ಅವಳ ಬಟನ್ ಫೋನಿಗೆ ಸುದ್ದಿ ಮುಟ್ಟಿದ ಕೂಡಲೇ ಭಾವನ ಫೋನಿನಲ್ಲಿ, ಕೂಸಿನ ಅಳುವಿನ ಜೊತೆಗೇ ಹೇಳಿ ಕಳಿಸಿದಳು. ಸ್ವಪ್ನಾ ಮೊದಲು ಮುಖ ಗಂಟು ಹಾಕಿಕೊಂಡೇ ಇದ್ದಳು. ಆಮೇಲೆ ಊಟದ ಬಿಡುವಿನಲ್ಲಿ ಬಂದು, ಓಣಿಯ ನಡುವಿನ ಮನೆಯ ಅಜ್ಜಿಯೊಬ್ಬಳಿಗೆ ತನ್ನ ಫೋನು ಕೊಟ್ಟು, ಎಲ್ಲಿ ಮಾತಾಡಬೇಕು ಅಂತ ತೋರಿಸಿ, ಅವ್ವನ ಕಡೆ ನೋಡದೆ ಹೊರಟುಹೋದಳು.

ಗುರುಬಸವ್ವ ಓಣಿಯಲ್ಲಿ ಯಾರ ಫೋನನ್ನೂ ಕೇಳಲಿಲ್ಲ. ಕೇಳುವ ಜಾತಿಯೇ ಅಲ್ಲ ಅದು. ಇಳಕಲ್ ಸೀರೆ ಉಟ್ಟು ಹಳಿಯಾಳದ ತಂಗಿಯ ಮನೆಗೆ ಹೋದಳು. ತಕರಾರಿಗೆ ಇಷ್ಟೇ ಹೊತ್ತು ಮಾತಾಡಬೇಕು ಅಂತ ಒಂದು ಮಿತಿ ಇತ್ತು. ಆಕೆ ಒಂದು ಮುಗಿದರೆ ಇನ್ನೊಂದು ಶುರು ಮಾಡಿದಳು. ತಂಗಿಯ ಮನೆಯವರು ಆಮೇಲೆ ಹೇಳಿದ ಪ್ರಕಾರ ಅದರಲ್ಲಿ ಒಂದು ಹೀಗಿತ್ತು: "ನಾ ಗುರುಬಸವ್ವ. ನನ್ನ ಹೆಸರಿನ್ಯಾಗ ಆ ಸಿದ್ದಕ್ಕನೇ ಬರದಾಳ ಅಂತೀರಲ್ಲ, ಆಕಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕ್ರಿ? ಆ ಬೈಗಳಾ ನನ್ನವು. ಅವನ್ನ ಆಕಿಗೆ ಕೊಡೂದಿಲ್ಲ ನಾ. ನಾ ಅದೀನಿ. ಸಾಯೂತನಾ ಇರತೇನಿ."

ಶನಿವಾರ ಬಂತು. ಸಿದ್ದಕ್ಕ ಟಿಕ್ ಹಾಕಲಿಲ್ಲ. ಭಾನುವಾರ ಬೆಳಿಗ್ಗೆ ತೆರೆದು ನೋಡಿದರೆ ಅಂತಿಮ ಸುತ್ತಿನಲ್ಲಿ ಬೇರೆ ಯಾರದೋ ಡಬ್ಬಿಗಳಿದ್ದವು, ಆಕೆಯದಿರಲಿಲ್ಲ. ಗೊತ್ತಿದ್ದದ್ದೇ. ಆದರೂ ಸಂಕಟವಾಯಿತು. ಅಂದು ರೊಟ್ಟಿ ಬಡಿಯುವಾಗ ಎರಡು ಸಲ ಕಣ್ಣೊರೆಸಿಕೊಂಡಳು, ಯಾಕೆ ಅಂತ ಮುದಕಪ್ಪ ಕೇಳಿದ್ದಕ್ಕೆ ಹೊಗೆ ಅಂದಳು. ಅವರ ಮನೆಯಲ್ಲಿ ಗ್ಯಾಸಿನ ಒಲೆ. ಮುದಕಪ್ಪ ಬಂದು ಆಕೆಯ ಪಕ್ಕ ಕೂತು, ಬೆಂದ ರೊಟ್ಟಿಗಳನ್ನು ಒಂದೊಂದಾಗಿ ಅರಿವೆಯಲ್ಲಿ ಸುತ್ತತೊಡಗಿದ.

ಓಣಿ ಮಾತ್ರ ನಿಲ್ಲಿಸಲಿಲ್ಲ. ಕಂಪನಿಯಿಂದ ಉತ್ತರ ಬರುವ ತನಕ ಯಾಕೆ ನಿಲ್ಲಿಸಬೇಕು? ತಕರಾರು ದಿನವೂ ಹೋಗುತ್ತಿತ್ತು.

ವಾರ ಕಳೆದ ಮೇಲೆ, ಮಧ್ಯಾಹ್ನ, ಎಲ್ಲರೂ ಕಟ್ಟೆಯ ಮೇಲಿರುವಾಗ ರೋಹಿತನ ಫೋನು ಬಂತು. ಸಿದ್ದಕ್ಕ ಸ್ಪೀಕರ್ ಹಾಕಿದಳು.

"ಅಮ್ಮಾ," ಅಂದ ರೋಹಿತ. ದನಿ ಬಳಲಿತ್ತು. "ದಯವಿಟ್ಟು ಅವರಿಗೆ ಸ್ವಲ್ಪ ನಿಲ್ಲಿಸೋಕೆ ಹೇಳಿ."

"ಯಾರಿಗ್ರಿ?"

"ಆ ಹೆಂಗಸರಿಗೆ. ಬಂದ ಪ್ರತಿಯೊಂದನ್ನೂ ನಾನೇ ಕೂತು ಕೇಳಬೇಕು, ಅದು ನಿಯಮ. ಬೇರೆ ಕೆಲಸವೇ ಆಗ್ತಿಲ್ಲ. ಒಬ್ಬರು ಗ್ಯಾರೇಜಿಂದ ಮಾತಾಡ್ತಾರೆ, ಒಬ್ಬರು ಬಸ್ ಸ್ಟ್ಯಾಂಡಿಂದ ಕೂಗ್ತಾರೆ. ಆ ಹಳಿಯಾಳದ ಅಜ್ಜಿಯಂತೂ ನಮ್ಮ ತಂದೆ ತಾಯಿನೂ ಬಿಟ್ಟಿಲ್ಲ. ನೀವು ಹೇಳಿದ್ರೆ ಕೇಳ್ತಾರೆ ಅವರು. ಹೇಳಿ ನಿಲ್ಲಿಸಿ ಅಮ್ಮಾ."

ಸಿದ್ದಕ್ಕ ನಿಧಾನಕ್ಕೆ ಫೋನನ್ನು ಬಾಯಿಯ ಹತ್ತಿರ ತಂದಳು.

"ಯಾವ ಹೆಂಗಸ್ರು?" ಅಂದಳು. "ಅವರು ಇಲ್ಲ ಅಂತ ನೀವ ಬರದೀರಲ್ರಿ. ಎಲ್ಲಾ ನಾನೊಬ್ಬಾಕೀನ ಅಂತ ಬರದೀರಿ. ನಾ ಇಲ್ಲಿ ಸುಮ್ಮನ ಕುಂತೇನಿ, ಬಾಯಿ ಮುಚಗೊಂಡು. ಇಲ್ಲದವರನ್ನ ನಾ ಹೆಂಗ ನಿಲ್ಲಸಲಿ?"

ಫೋನು ಕಟ್ಟಾಯಿತೇನೋ ಅಂತ ಸುಗರಾ ಬಗ್ಗಿ ನೋಡಿದಳು. ಕಟ್ಟಾಗಿರಲಿಲ್ಲ.

"ಇದ್ದಾರೆ," ಅಂದ ರೋಹಿತ ಕೊನೆಗೆ. "ಇದ್ದಾರೆ ಅಮ್ಮಾ. ತಪ್ಪಾಯ್ತು." ಮುಂದುವರಿದು ಹೇಳಿದ, "ಆದ್ರೆ ಅಂತಿಮ ಸುತ್ತು ಮುಗಿದುಹೋಯ್ತು. ನಿಮ್ಮ ಐಡಿಯಾನ ವಾಪಸ್ ಸೇರಿಸೋಕೆ ನನ್ನಿಂದ ಆಗಲ್ಲ."

"ನಾ ಅದನ್ನ ಕೇಳಿಲ್ಲ."

"ಮತ್ತೇನು ಬೇಕು ಹೇಳಿ."

"ಆ ಕೆಂಪಂದು ತಗೀರಿ. ಅವರು ಅದಾರ ಅಂತ ಬರದು ಹಾಕ್ರಿ."

"ಆಯ್ತು, ಇವತ್ತೇ ಮಾಡ್ತೀನಿ. ಎಲ್ಲರ ಪರವಾಗಿ ನಿಮ್ಮ ಹೆಸರಿಗೆ ಒಂದು ಕ್ಷಮಾಪಣೆ ಕಳಿಸ್ತೀನಿ."

"ನನ್ನ ಹೆಸರಿಗೆ ಯಾಕ್ರಿ?" ಸಿದ್ದಕ್ಕನ ದನಿ ಓಣಿಯ ಆ ತುದಿಗೆ ಕೇಳಿಸಿತು. "ಇನ್ನೂ ತಿಳೀಲಿಲ್ಲೇನು ನಿಮಗ? ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಬರೀರಿ. ಮೊದಲು ಗುರುಬಸವ್ವಗ ಬರೀರಿ."